ಬಿಎಸ್‌ಎ ಸಿ15 ಟ್ರಯಲ್ಸ್‌ಗೆ: ಎಂಜಿನ್ ಆಮೇಲೆ
ಬ್ರಿಟನ್ನಿನ ಬಿಎಸ್‌ಎ ಕಂಪನಿಯ 1961ರ ಸಿ15 ರೋಡ್ ಬೈಕನ್ನು ಟ್ರಯಲ್ಸ್‌ಗೆ (ಬಂಡೆ, ಕೆಸರಿನ ದಾರಿಯಲ್ಲಿ ಕಾಲು ನೆಲಕ್ಕೂರದೆ ನಿಧಾನವಾಗಿ ಬೈಕ್ ಓಡಿಸುವ ಸ್ಪರ್ಧೆ) ಬದಲಾಯಿಸಲು ಮೊದಲು ಎಂಜಿನ್ ಪವರ್ ಹೆಚ್ಚಿಸಬೇಕಾ ಅಂತ ಕೇಳಿದ್ದೀರಿ. ಬೇಡ ಸರ್. ಆ 247 ಸಿಸಿ ಎಂಜಿನ್ ಈ ಕೆಲಸಕ್ಕೆ ಸಾಕು, ಬಿಎಸ್‌ಎಯವರೇ ಇದರಲ್ಲಿ ಸಿ15ಟಿ ಅನ್ನೋ ಟ್ರಯಲ್ಸ್ ಬೈಕ್ ಮಾಡಿದ್ದರು.

ಮೊದಲು ಗೇರಿಂಗ್ ನೋಡಿ. ಮುಂದೆ ಚಿಕ್ಕ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಹಿಂದೆ ದೊಡ್ಡದು. ಫಸ್ಟ್ ಗೇರಲ್ಲಿ ಕ್ಲಚ್ ಹಿಡಿಯದೆ ನಡಿಗೆಯ ವೇಗದಲ್ಲಿ ಬಂಡೆ ಹತ್ತಬೇಕು, ಅಷ್ಟೇ. ಎಂಜಿನ್ ಒಳಗೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಮುಟ್ಟಬೇಡಿ, ನಿಧಾನಕ್ಕೆ ಹೋಗುವಾಗ ಎಂಜಿನ್ ನಿಂತುಹೋಗದಂತೆ ಕಾಪಾಡುವುದು ಅದೇ. ಆಮೇಲೆ 17 ಇಂಚಿನ ಚಕ್ರ ತೆಗೆದು ಮುಂದೆ 21, ಹಿಂದೆ 18 ಇಂಚಿನ ರಿಮ್ ಹಾಕಿ, ಟ್ರಯಲ್ಸ್ ಟೈರ್ ಏರಿಸಿ, ಗಾಳಿ ತೀರಾ ಕಡಿಮೆ ಇಡಿ. ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿ, ಸೈಲೆನ್ಸರ್ ಮೇಲಕ್ಕೆತ್ತಿ, ಎಂಜಿನ್ ಅಡಿಗೆ ಗಟ್ಟಿ ತಗಡು ಹಾಕಿ.

ಇನ್ನು ತೂಕ. ನನ್ನ ಪ್ರಕಾರ ದುಡ್ಡು ಸುರಿಯಬೇಕಾದ್ದು ಇಲ್ಲೇ. ಹೆಸರಾಂತ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ತಮ್ಮ 500 ಸಿಸಿ ಏರಿಯಲ್ ಬೈಕಿನ ಒಂದೊಂದೇ ಭಾಗ ಹಗುರ ಮಾಡುತ್ತಾ ಹೋದರು, 1964ರಲ್ಲಿ ಅದೇ ಬೈಕಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಅನ್ನೋ ಆರು ದಿನದ ಟ್ರಯಲ್ಸ್ ಸ್ಪರ್ಧೆ ಗೆದ್ದರು. ಆದರೆ ದಯವಿಟ್ಟು ಮೂಲ ಫ್ರೇಮ್ ಕತ್ತರಿಸಬೇಡಿ. ಬೋಲ್ಟ್ ಹಾಕಿ ಕೂರಿಸಬಹುದಾದ್ದನ್ನು ಹಾಗೇ ಕೂರಿಸಿ, ಬಿಚ್ಚಿದ ಟ್ಯಾಂಕ್, ಮಡ್‌ಗಾರ್ಡ್, ಲೈಟು ಎಲ್ಲ ಜೋಪಾನವಾಗಿ ಎತ್ತಿಡಿ.