ಲೋಡು ಹಾಕಿದಾಗಲೇ ಹೊತ್ತುವ ಎಂಜಿನ್ ದೀಪ

ಪ್ರಶ್ನೆ: 2017ರ ಕೊನೆಯಲ್ಲಿ ಕೊಂಡ ಡೀಸೆಲ್ ಪಿಕಪ್‌ನಲ್ಲಿ ಬೆಲ್ಲ ಮತ್ತು ತೆಂಗಿನಕಾಯಿ ಸಾಗಿಸುತ್ತೇನೆ. ಖಾಲಿ ಓಡುವಾಗ ಯಾವ ತೊಂದರೆಯೂ ಇಲ್ಲ. ಲೋಡು ಹಾಕಿಕೊಂಡು ಮೇಲುಕೋಟೆ ಬೆಟ್ಟ ಹತ್ತುವಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಂಡು ಗಾಡಿ ಎಳೆಯುವುದನ್ನೇ ಬಿಡುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಪಿ0299 ಎಂಬ ಕೋಡ್ ಬಂದಿದೆಯೆಂದು ಅದನ್ನು ಅಳಿಸಿ ಕಳಿಸಿದರು. ದೀಪ ಮತ್ತೆ ಬಂತು. ಈಗ ಟರ್ಬೊ ಬದಲಿಸಬೇಕೆನ್ನುತ್ತಾರೆ. ಬದಲಿಸಲೇಬೇಕೆ?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಈಗಲೇ ಬೇಡ. ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಎಂಜಿನ್‌ಗೆ ಬರಬೇಕಾದಷ್ಟು ಗಾಳಿಯ ಒತ್ತಡ ಬರುತ್ತಿಲ್ಲ ಎಂಬುದನ್ನಷ್ಟೇ ಪಿ0299 ಹೇಳುತ್ತದೆ. ಒತ್ತಡ ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಹುಡುಕುವ ಕೆಲಸ ಮೆಕ್ಯಾನಿಕ್‌ನದು. ಖಾಲಿ ಗಾಡಿಗೆ ಹೆಚ್ಚಿನ ಒತ್ತಡ ಬೇಕಿಲ್ಲದ ಕಾರಣ ಸಣ್ಣ ಸೋರಿಕೆ ಗೊತ್ತಾಗುವುದಿಲ್ಲ. ಲೋಡಿನೊಂದಿಗೆ ಏರು ಹತ್ತುವಾಗ ಬೇಕಾದ ಒತ್ತಡಕ್ಕೂ ಸಿಗುವ ಒತ್ತಡಕ್ಕೂ ಅಂತರ ಬೆಳೆದಾಗ, ಎಂಜಿನ್‌ಗೆ ಹಾನಿಯಾಗದಿರಲೆಂದು ಗಾಡಿಯ ಕಂಪ್ಯೂಟರೇ ಡೀಸೆಲ್ ಕಡಿಮೆ ಮಾಡಿ ದೀಪ ಹೊತ್ತಿಸುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಆ ಕಟ್ಟುಪಾಡು ಸಡಿಲವಾಗುತ್ತದೆಯೇ ಹೊರತು ಕಾರಣ ಹೋಗಿರುವುದಿಲ್ಲ.

ಮೊದಲು ನೋಡಬೇಕಾದದ್ದು ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪುಗಳು. ಇಷ್ಟು ವರ್ಷ ಬಿಸಿಯಲ್ಲಿ ಬೆಂದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ನಿಂತ ಗಾಡಿಯಲ್ಲಿ ಅವು ಮುಚ್ಚಿಕೊಂಡಿದ್ದು, ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತವೆ. ಆದ್ದರಿಂದ ಮೇಲಿಂದ ಕಣ್ಣಾಡಿಸಿದರೆ ಸಾಲದು, ಪೈಪು ಬಿಚ್ಚಿಸಿ, ಬಾಗಿಸಿ ನೋಡಿಸಬೇಕು. ಕ್ಲಾಂಪಿನ ಸುತ್ತ ಒಂದೇ ಕಡೆ ಎಣ್ಣೆ ಜಿನುಗಿ ದೂಳು ಮೆತ್ತಿಕೊಂಡಿದ್ದರೆ ಅಲ್ಲಿಯೇ ಅನುಮಾನ ಪಡಬೇಕು. ನಿಮ್ಮ ಗಾಡಿಯ ಟರ್ಬೊ ವ್ಯಾಕ್ಯೂಮ್‌ನಿಂದ (ಗಾಳಿ ಹೀರುವ ಸೆಳೆತದಿಂದ) ನಿಯಂತ್ರಿಸುವ ಬಗೆಯದಾದರೆ ಅದರ ಸಣ್ಣ ಪೈಪನ್ನೂ ಪರೀಕ್ಷಿಸಿ. ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇಲಿ ಇದನ್ನೂ ವೈರುಗಳನ್ನೂ ಬಿಡುವುದಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿರುವುದು, ಹೊಗೆಯ ಒಂದಂಶವನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದಿರುವುದು, ಒತ್ತಡ ಅಳೆಯುವ ಸೆನ್ಸಾರ್ ಕೆಟ್ಟಿರುವುದು ಸಹ ಇದೇ ಕೋಡ್ ತರಬಹುದು.

ಕೋಡ್ ಅಳಿಸುವುದು ರಿಪೇರಿಯಲ್ಲ. ಅದರ ಜೊತೆಗೆ, ದೀಪ ಹೊತ್ತಿದ ಗಳಿಗೆಯಲ್ಲಿ ಎಂಜಿನ್ನಿನ ವೇಗ, ಲೋಡು, ಬಿಸಿ ಎಷ್ಟಿದ್ದವೆಂದು ಕಂಪ್ಯೂಟರ್ ಬರೆದಿಟ್ಟ ದಾಖಲೆಯೂ ಅಳಿಸಿಹೋಗುತ್ತದೆ. ಮುಂದಿನ ಸಲ ಆ ಅಂಕಿಗಳನ್ನು ಬರೆದುಕೊಂಡ ಮೇಲೆಯೇ ಅಳಿಸಲು ಹೇಳಿ. ಬ್ಯಾಟರಿ ವೈರ್ ತೆಗೆದು ದೀಪ ಆರಿಸುವ ಉಪಾಯವೂ ಬೇಡ. ಸಾಧ್ಯವಾದರೆ ಸ್ಕ್ಯಾನರ್ ಜೋಡಿಸಿಕೊಂಡೇ ಲೋಡಿನೊಂದಿಗೆ ಏರು ಹತ್ತಿಸಿ ಒತ್ತಡದ ಅಂಕಿ ನೋಡಲಿ. ಆಯಿಲ್ ದೀಪವೂ ಹೊತ್ತಿದರೆ ಅಥವಾ ಎಂಜಿನ್ ಬಿಸಿಯೇರಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ಇವೆಲ್ಲ ಸರಿಯಿದ್ದು, ಟರ್ಬೊದ ಶಾಫ್ಟ್ ಅಲುಗಾಡುತ್ತಿದ್ದರೆ ಅಥವಾ ಅದರ ರೆಕ್ಕೆಗಳು ಸವೆದಿದ್ದರೆ ಬದಲಿಸುವುದು ನ್ಯಾಯವೇ. ಹಾಗಾದಲ್ಲಿ ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿಸಿ, ಟರ್ಬೊಗೆ ಆಯಿಲ್ ಒಯ್ಯುವ ಪೈಪು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಯಿಲ್ ಸಿಗದಿದ್ದರೆ ಹೊಸ ಟರ್ಬೊವೂ ಬೇಗನೆ ಕೆಡುತ್ತದೆ.