ನಾಚ್ ಪೀಕ್ ಒಂದ ದಿನದಾಗ ಆಗ್ತದೇನು?

ಧಾರವಾಡದಿಂದ ಜುಲೈದಾಗ ಮಗನ ಹತ್ರ ಅಮೆರಿಕಾದ ಯೂಟಾಕ್ಕ ಹೊಂಟೀನಿ, ಅಲ್ಲಿಯ ನಾಚ್ ಪೀಕ್ ಬೆಟ್ಟ ಒಂದ ದಿನದಾಗ ಹತ್ತಿ ಇಳೀಬಹುದ, ನೀರೆಷ್ಟು ಬೇಕು ಅಂತ ಕೇಳೀರಿ. ಒಂದ ದಿನ ಸಾಕ್ರೀ, ಆದ್ರ ಜುಲೈ ಬ್ಯಾಡ, ಬಿಸಿಲು ಭಾಳ. ಸೆಪ್ಟೆಂಬರ್ ಕೊನಿಗೆ ಇಟ್ಕೋರಿ.

ಸಾಟೂತ್ ಕಣಿವಿ ಹಾದಿ ಹೋಗಿ ಬರಾಕ ಸುಮಾರು 14 ಕಿ.ಮೀ., ತುದಿ 2,943 ಮೀಟರ್. 6ರಿಂದ 8 ತಾಸು ಹಿಡೀರಿ. ಹಾದ್ಯಾಗ ಹನಿ ನೀರು ಸಿಗೂದಿಲ್ಲ. ತಲಿಗೆ 4 ಲೀಟರ್ ಹೊರ್ರಿ, ಕಾರಿನ್ಯಾಗ ಬ್ಯಾರೆ ಇಡ್ರಿ. ಪೆಟ್ರೋಲ್ ಡೆಲ್ಟಾ ಊರಾಗ ತುಂಬಿಸ್ರಿ. ಕೊನಿಗೆ ಕಚ್ಚಾ ರಸ್ತೆ, ಸ್ಟೆಪ್ನಿ ಗಾಳಿ ನೋಡ್ಕೋರಿ. ನಕ್ಷೆ ಫೋನಿನ್ಯಾಗ ಮೊದಲ ಇಳಿಸ್ಕೋರಿ.

ಹಳೇ ಕಲ್ಲಿನ ಮನಿ ದಾಟಿದ ಮ್ಯಾಲ ಕಣಿವಿ ಎರಡಾಗಿ ಒಡೀತದ. ಎಡಕ್ಕ ಹೋಗ್ರಿ, ಭಾಳ ಮಂದಿ ಅಲ್ಲೇ ತಪ್ಪತಾರ. ಮುಂದ ಹಾದಿ ಅಂದ್ರ ಒಣಹಳ್ಳದ ತಳಾನ. ನಮ್ಮ ಬೆಣ್ಣಿಹಳ್ಳದಂಗ, ಮಳಿ ಮ್ಯಾಲೆಲ್ಲೋ, ನೀರು ಇಲ್ಲಿ. ಮೋಡ ಕಟ್ಟಿದ್ರ ತುದಿ ಆಸೆ ಬಿಟ್ಟು ತಿರುಗ್ರಿ.

ಖರೇ ಅಪಾಯ ಮ್ಯಾಲೈತಿ. ನಾವು ಹತ್ತಿ ಬರೋ ಮಗ್ಗಲು ಇಳಿಜಾರು, ಆ ಕಡೆ ಸುಣ್ಣಗಲ್ಲಿನ ಗ್ವಾಡಿ ಸುಮಾರು 670 ಮೀಟರ್ ನೆಟ್ಟಗ ಕೆಳಗ. ಹತ್ತಿರ ಹೋಗೂತನಕ ಅಂಚು ಕಾಣೂದಿಲ್ಲ, ಕಟಕಟಿ ಇಲ್ಲ. ಕಲ್ಲು ಪದರ ಪದರ, ಅಂಚಿನ್ಯಾಗ ಚಕ್ಕಿ ಸಡಲಿರ್ತಾವ, ಮ್ಯಾಲ ಗಾಳಿ. ಕೆಳಗ ನೋಡಬೇಕಂದ್ರ ಚೀಲ ಇಳಿಸಿ, ಹೊಟ್ಟಿ ಮ್ಯಾಲ ಮಲಗಿ ನೋಡ್ರಿ. ಸೆಲ್ಫಿ ಅಂಚಿನಿಂದ ನಾಕ್ಹೆಜ್ಜಿ ಹಿಂದ.