ಅಜ್ಜನ ಪುಸ್ತಕವನ್ನು ಮುಂದೆ ಬರೆಯುವವರು ಯಾರು?

ಪ್ರಶ್ನೆ: ಮಾನ್ಯರೇ, ನನ್ನ ಅಜ್ಜ ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾಲದಿಂದಲೂ ಮನೆಯ ಹುಟ್ಟು, ಸಾವು, ಮದುವೆ, ಗದ್ದೆಯ ಗೇಣಿ, ಕೋಲದ ಖರ್ಚು ಇವನ್ನೆಲ್ಲ ದಪ್ಪ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದರು. ಅವರ ಬಳಿಕ ಸೋದರಮಾವ ಬರೆದರು. ಈಗ ದುಬೈಯಲ್ಲಿರುವ ಮಕ್ಕಳು ಅದನ್ನು ಟೈಪ್ ಮಾಡಿಸಿ ಅಚ್ಚು ಹಾಕಿಸೋಣ, ಹಳೆಯದು ಇನ್ನೇಕೆ ಎನ್ನುತ್ತಾರೆ. ಪೋಲೆಂಡಿನಿಂದ ವಲಸೆ ಹೋದ ಕುಟುಂಬಗಳು ಇಂಥ ಪುಸ್ತಕವನ್ನು ತಲೆಮಾರುಗಳಿಂದ ಬರೆಯುತ್ತ ಬಂದಿವೆಯೆಂದು ಕೇಳಿದ್ದೇನೆ. ಅದರ ವಿವರವೇನು? ನಾವೇನು ಮಾಡಬೇಕು? ಮಾವ ಬರೆದಿರುವ ಜಾಗದ ತಕರಾರಿನ ಪುಟಗಳನ್ನು ತೆಗೆದುಹಾಕಬಹುದೆ?
– ಓದುಗರೊಬ್ಬರು, ಕಾಪು

ಉತ್ತರ: ನೀವು ಕೇಳಿರುವ ರೂಢಿ ವಲಸೆಗಿಂತ ಹಳೆಯದು. 16ರಿಂದ 18ನೆಯ ಶತಮಾನದವರೆಗೆ ಪೋಲೆಂಡ್ ಮತ್ತು ಲಿಥುವೇನಿಯದ ಕುಲೀನ ಮನೆತನಗಳಲ್ಲಿ ‘ಸಿಲ್ವಾ ರೆರುಂ’ ಎಂಬ ಕೈಬರಹದ ಪುಸ್ತಕಗಳಿರುತ್ತಿದ್ದವು. ಮಗುವಿನ ಜನನ, ಸಭೆಯಲ್ಲಿ ಮಾಡಿದ ಭಾಷಣ, ಬಂದ ಪತ್ರದ ನಕಲು, ಪದ್ಯ, ಅಡುಗೆಯ ಕ್ರಮ, ಮಕ್ಕಳಿಗೆ ಬುದ್ಧಿಮಾತು ಎಲ್ಲವೂ ಒಂದರ ಬೆನ್ನಿಗೊಂದು ಅದರಲ್ಲಿ ಸೇರುತ್ತಿದ್ದವು. ಅವು ಅಚ್ಚಿಗೆಂದು ಬರೆದವಲ್ಲ. ತಂದೆ ನಿಲ್ಲಿಸಿದಲ್ಲಿಂದ ಮಗ ಮುಂದುವರಿಸುತ್ತಿದ್ದ.

ಇಂಥ ಪುಸ್ತಕದ ಬೆಲೆ ಹೆಚ್ಚಿದ್ದು ದೇಶವೇ ಇಲ್ಲವಾದಾಗ. 1772, 1793 ಮತ್ತು 1795ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳು (1793ರಲ್ಲಿ ಆಸ್ಟ್ರಿಯ ಸೇರಿರಲಿಲ್ಲ) ಪೋಲೆಂಡನ್ನು ಹಂಚಿಕೊಂಡ ಮೇಲೆ 1918ರವರೆಗೆ ಅದು ಸ್ವತಂತ್ರ ರಾಜ್ಯವಾಗಿ ಉಳಿಯಲಿಲ್ಲ. ರಷ್ಯದ ವಿರುದ್ಧ 1830ರಲ್ಲಿ ಎದ್ದ ದಂಗೆ ಸೋತ ಬಳಿಕ ಸಾವಿರಾರು ಮಂದಿ ಫ್ರಾನ್ಸಿಗೆ ಹೋದರು. ಅವರು 1838ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿಸಿದ ಪೋಲಿಷ್ ಗ್ರಂಥಾಲಯ ಈಗಲೂ ಇದೆ. ರೈತ ಕುಟುಂಬಗಳು 1854ರಲ್ಲಿ ಟೆಕ್ಸಾಸಿಗೂ 1870ರ ದಶಕದಿಂದ ಬ್ರೆಜಿಲಿನ ಪರಾನಾ ಪ್ರಾಂತಕ್ಕೂ ಹೋಗಿ ನೆಲೆಸಿದವು. ಊರಿನಲ್ಲಿ ಉಳಿದವರ ಸ್ಥಿತಿಯನ್ನು ಗಮನಿಸಿ: ರಷ್ಯದ ಆಡಳಿತಕ್ಕೆ ಸೇರಿದ ಭಾಗದಲ್ಲಿ 1868ರಿಂದ ಚರ್ಚಿನ ಜನನ ಮರಣಗಳ ದಾಖಲೆಯನ್ನೂ ರಷ್ಯನ್ ಭಾಷೆಯಲ್ಲೇ ಬರೆಯಬೇಕಾಯಿತು. ಮನೆಯಲ್ಲಿ ಒಂದು ರೀತಿ ಕರೆಯುತ್ತಿದ್ದ ಹೆಸರು ದಫ್ತರದಲ್ಲಿ ಬೇರೆ ಲಿಪಿಯಲ್ಲಿ ಬೇರೆಯೇ ರೂಪ ತಾಳಿತು. ಬ್ರೆಜಿಲಿಗೆ ಹೋದವರಿಗೂ 1938ರಲ್ಲಿ ಇಂಥದೇ ಗತಿ ಒದಗಿತು. ಅಲ್ಲಿನ ಸರ್ಕಾರ ಪರಭಾಷೆಯ ಶಾಲೆಗಳನ್ನು ಮುಚ್ಚಿಸಿತು. ಹೀಗಿರುವಾಗ, ತಮ್ಮವರ ಹೆಸರನ್ನು ತಮ್ಮದೇ ಭಾಷೆಯಲ್ಲಿ ತಮ್ಮ ಕೈಯಿಂದ ಬರೆದಿಟ್ಟ ಮನೆಯ ಪುಸ್ತಕಕ್ಕೆ ಸಮನಾದ ದಾಖಲೆ ಬೇರೆ ಯಾವುದಿದ್ದೀತು?

ನಿಮ್ಮ ಪುಸ್ತಕವೂ ಅಂಥದ್ದೇ. ಮನೆಯಲ್ಲಿ ತುಳು, ಬರವಣಿಗೆಯಲ್ಲಿ ಕನ್ನಡ, ಕೆಲಸದ ಊರಿನಲ್ಲಿ ಹಿಂದಿ ಮರಾಠಿ ಎಂದು ಬದುಕಿದವರು ಯಾವ ಮಾತನ್ನು ಯಾವ ಭಾಷೆಯಲ್ಲಿ ಬರೆದರೆಂಬುದು ಆ ಪುಟಗಳಿಂದಷ್ಟೇ ತಿಳಿಯುತ್ತದೆ. ಅಜ್ಜನ ಮಸಿ ಮುಗಿದು ಮಾವನ ಅಕ್ಷರ ಆರಂಭವಾಗುವ ಪುಟವನ್ನು ಟೈಪ್ ಮಾಡಿಸಿದರೆ ಎರಡೂ ಒಂದೇ ಅಚ್ಚಿನಲ್ಲಿ ಕರಗಿಹೋಗುತ್ತವೆ. ನಿಮ್ಮದು ಅಳಿಯಸಂತಾನದ, ಎಂದರೆ ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ಮನೆತನವಾಗಿರಬಹುದು; ಹಾಗಿದ್ದರೆ ಪೋಲೆಂಡಿನವರಂತೆ ತಂದೆಯ ಕಡೆಯಿಂದಲ್ಲ, ತಾಯಿಯ ಕಡೆಯಿಂದಲೇ ವಂಶಾವಳಿ ಬರೆಯಿರಿ. ಅಚ್ಚು ಹಾಕಿಸಿ, ಖಂಡಿತ ಹಾಕಿಸಿ, ಆದರೆ ಮೂಲವನ್ನು ಬಿಸಾಡಬೇಡಿ.

ನಮ್ಮ ಕರಾವಳಿಯಲ್ಲಿ ಪುಸ್ತಕದ ದೊಡ್ಡ ಶತ್ರು ಆಟಿಯ, ಎಂದರೆ ತುಳುವರ ಮಳೆಗಾಲದ ತಿಂಗಳ ತೇವ. ಮಳೆ ಹಿಡಿಯುವ ಮೊದಲು ಪ್ರತಿ ಪುಟದ ಫೋಟೊ ತೆಗೆದು ಎರಡು ಮನೆಗಳಲ್ಲಿ ಇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ; ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದವನ್ನೇ ತಿನ್ನುತ್ತದೆ. ಬೂಸಲು ವಾಸನೆ ಬಂದರೆ ಬಿಸಿಲಿಗೆ ಹಾಕದೆ ನೆರಳಿನ ಗಾಳಿಗೆ ತೆರೆದಿಡಿ, ಏಕೆಂದರೆ ಬಿಸಿಲಿಗೆ ಮಸಿ ಮಾಸುತ್ತದೆ. ಹೊಸದಾಗಿ ಬರೆಯುವವರು ತಮ್ಮ ಹೆಸರು, ತಾರೀಕು, ಬರೆಯುತ್ತಿರುವ ಊರು ಮೂರನ್ನೂ ಕಾಣಿಸಲಿ. ದುಬೈಯ ಮಕ್ಕಳು ಅಲ್ಲಿಂದಲೇ ಬಿಡಿ ಹಾಳೆಗಳಲ್ಲಿ ಬರೆದು ಕಳುಹಿಸಿದರೂ ಆದೀತು, ಹಿಂದೆ ಸೇರಿಸಿ ಹೊಲಿಸಬಹುದು.

ತಕರಾರಿನ ಪುಟಗಳನ್ನು ಮೂಲದಿಂದ ತೆಗೆಯಬಾರದು. ಮಾವನಿಗೆ ಆ ದಿನ ಅದು ಬರೆದಿಡುವಷ್ಟು ದೊಡ್ಡ ವಿಷಯವಾಗಿತ್ತು; ಎದುರು ಕಡೆಯವರ ಮಾತು ನಿಮಗೆ ತಿಳಿದಿದ್ದರೆ ನಿಮ್ಮ ಹೆಸರಿನಲ್ಲೇ ಅದರ ಕೆಳಗೆ ಬರೆಯಿರಿ. ಅಚ್ಚಿನ ಪ್ರತಿಯಲ್ಲಿ ಬದುಕಿರುವವರ ಮನಸ್ಸು ನೋಯುವುದಾದರೆ ಆ ಭಾಗವನ್ನು ಬಿಡಬಹುದು, ಆದರೆ ಎಷ್ಟು ಪುಟ ಬಿಟ್ಟಿದ್ದೀರಿ, ಮೂಲ ಯಾರ ಮನೆಯಲ್ಲಿದೆ ಎಂಬುದನ್ನು ಅಲ್ಲಿಯೇ ಒಂದು ಸಾಲಿನಲ್ಲಿ ತಿಳಿಸಿ.